ರಾಯರೂ ಮುರಿದ ಬೋಲ್ಟೂ

ಸ್ಪಾನರ್ ತಿರುಗಿಸುವಾಗ ‘ಟಕ್’ ಎಂದು ಬೋಲ್ಟು ಮುರಿದು ಅರ್ಧ ಕೈಗೆ ಬಂದು ಅರ್ಧ ಎಂಜಿನ್ನಿನಲ್ಲೇ ಉಳಿದರೆ ಸಾಮಾನ್ಯರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಜಯನಗರದ ನಮ್ಮ ರಾಯರು ಪಂಚೆ ಎತ್ತಿ ಕಟ್ಟುತ್ತಾರೆ.

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗಿರುವ ಉದ್ಯೋಗ 1977ರ ಮಾರ್ಕ್ 3 ಅಂಬಾಸಿಡರ್. ಅದನ್ನು ಓಡಿಸುವುದೂ ಉದ್ಯೋಗದ ಭಾಗ ಎಂದುಕೊಂಡರೆ ನಿಮಗೆ ಈ ಜಾತಿಯ ಪರಿಚಯವಿಲ್ಲ ಎಂದರ್ಥ. ಹಳೇ ಬಡಾವಣೆಗೊಬ್ಬರಂತೆ ಇಂಥವರಿದ್ದಾರೆ. ಕೆಲವರ ಮನೆಯಲ್ಲಿ ಪದ್ಮಿನಿ, ಕೆಲವರಲ್ಲಿ ಹೆರಾಲ್ಡ್, ಅಷ್ಟೇ ವ್ಯತ್ಯಾಸ. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದಾಗ ರಾಯರ ಮುಖದಲ್ಲಿ ಸೂತಕದ ಜೊತೆಗೆ ಒಂದು ಗತ್ತೂ ಬಂತು. ಇನ್ನು ಸ್ಪೇರ್ ಸಿಗುವುದಿಲ್ಲ, ಜೆ.ಸಿ. ರಸ್ತೆಯಲ್ಲಿ ಇಡೀ ದಿನ ಅಲೆಯಬಹುದು!

ಈ ಸಲ ಮುರಿದದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್. ಹಾಲಿನವನಿಂದ ಹಿಡಿದು ಪಾರ್ಕಿಗೆ ಹೊರಟವರ ತನಕ ಎಲ್ಲರಿಗೂ ಉಪನ್ಯಾಸವಾಯಿತು. “ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು ಕಣಯ್ಯ. ಥ್ರೆಡ್ಡಿನ ಸಂದೀಲಿ ಉಬ್ಬಿಕೊಂಡು ಕೂತಿದೆ. ಇಲ್ಲಿಗೆ ಹಿತ್ತಾಳೆ ನಟ್ಟೇ ಹಾಕಬೇಕು, ತುಕ್ಕು ಹಿಡಿದು ಕಚ್ಚಿಕೊಳ್ಳಲ್ಲ. ಯಾವನೋ ಪುಣ್ಯಾತ್ಮ ಕಬ್ಬಿಣದ್ದು ಹಾಕಿದಾನೆ.”

“ಹೋದ ಸಲ ಹಾಕಿದ್ದು ನೀವೇ ಅಲ್ವೇನ್ರೀ?” ಎಂದರು ಒಳಗಿನಿಂದ ಪದ್ಮಮ್ಮನವರು. ಉಪನ್ಯಾಸ ಮುಂದುವರಿಯಿತು.

ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬರು ಸೀಮೆಎಣ್ಣೆ ಎಂದರು. ಎದುರುಮನೆಯ ಸಾಫ್ಟ್‌ವೇರ್ ಹುಡುಗ ಗೇರ್ ಆಯಿಲ್ಲಿಗೆ ಅಸಿಟೋನ್ ಬೆರೆಸಿ ಹನಿ ಹನಿಯಾಗಿ ಬಿಡಿ ಎಂದ. ರಾಯರು ಯಾರನ್ನೂ ನಿರಾಸೆಗೊಳಿಸಲಿಲ್ಲ. ಒಂದೊಂದು ಮದ್ದಿಗೂ ಎರಡೆರಡು ದಿನ ನೆನೆಯಲು ಬಿಟ್ಟು, ಸಂಧ್ಯಾವಂದನೆಯ ನಿಷ್ಠೆಯಿಂದ ಬೆಳಿಗ್ಗೆ ಸಂಜೆ ಹನಿ ಹಾಕಿದರು.

ಆಮೇಲೆ ಸೆಂಟರ್ ಪಂಚ್. ಭೂತಗನ್ನಡಿ ಹಿಡಿದು ಸ್ಟಡ್ಡಿನ ನಡು ಹುಡುಕುವುದರಲ್ಲೇ ಭಾನುವಾರ ಕಳೆಯಿತು. ಕೂದಲೆಳೆಯಷ್ಟು ಆಚೀಚೆಯಾದರೂ ಡ್ರಿಲ್ ಬಿಟ್ ಜಾರಿ ಎಂಜಿನ್ ಹೆಡ್ಡಿನ ಥ್ರೆಡ್ಡನ್ನೇ ತಿಂದುಬಿಡುತ್ತದಂತೆ. ಕೊನೆಗೆ ಹಳೇ ಬನಿಯನ್ನಿನ ಚೂರಿನಿಂದ, ಮುರಿದ ಸ್ಟಡ್ ಕೀಳುವ ಈಸಿ ಔಟ್ ಹೊರಬಂತು. “ಇದೇನಾದರೂ ಒಳಗೆ ಮುರೀತೋ, ಮುಗೀತು ಕಥೆ. ಯಾವ ಡ್ರಿಲ್ಲೂ ಇದರೊಳಕ್ಕೆ ಇಳಿಯಲ್ಲ” ಎಂದು ಎಲ್ಲರಿಗೂ ತೋರಿಸಿ, ಮತ್ತೆ ಬನಿಯನ್ನಿನಲ್ಲಿ ಸುತ್ತಿ ಡಬ್ಬಿಗೆ ಹಾಕಿದರು. ಅವತ್ತಿನ ಕೆಲಸ ಅಷ್ಟೇ.

ಅಷ್ಟರಲ್ಲಿ ಮಗಳು ಅಳಿಯ ಬರುತ್ತಾರೆಂದು ಫೋನ್ ಬಂತು. ಅವರ ಕಾರಿಗೆ ಜಾಗ ಬೇಕು. ಪಕ್ಕದ ಮನೆಯ ಗೇಟಿಗೆ ಬೆಸುಗೆ ಹಾಕುತ್ತಿದ್ದ ಹುಡುಗನನ್ನು ಪದ್ಮಮ್ಮನವರೇ ಕರೆತಂದರು. ಅವನು ಬಗ್ಗಿ ನೋಡಿದ. ಸ್ಟಡ್ಡಿನ ತುದಿ ಉಗುರಿನಷ್ಟು ಹೊರಗಿತ್ತು. “ಬ್ಯಾಟರಿ ವೈರ್ ತೆಗಿಯೋ ಮಾರಾಯಾ!” ಎಂದು ರಾಯರು ಕೂಗುವಷ್ಟರಲ್ಲಿ ಅದನ್ನೂ ತೆಗೆದಿದ್ದ. ತುದಿಯ ಮೇಲೊಂದು ನಟ್ಟು ಕೂರಿಸಿ, ಅದರ ಹೊಟ್ಟೆ ತುಂಬ ವೆಲ್ಡಿಂಗ್ ತುಂಬಿದ. ಕೆಂಪಾದದ್ದು ಕಪ್ಪಾಗುವ ತನಕ ಕಾದ. ಸ್ಪಾನರ್ ಹಾಕಿ ಅತ್ತ ಒಂಚೂರು, ಇತ್ತ ಒಂಚೂರು ಆಡಿಸಿದ. ಕಿರ್ ಎಂದಿತು, ಬಂತು. ಪದ್ಮಮ್ಮನವರು ಕೊಟ್ಟ ಕಾಫಿ ಇನ್ನೂ ಹಬೆಯಾಡುತ್ತಿತ್ತು.

ರಾಯರಿಗೆ ಈ ವಿದ್ಯೆ ತಿಳಿದಿರಲಿಲ್ಲ ಎನ್ನಬೇಡಿ. ಚೆನ್ನಾಗಿ ತಿಳಿದಿತ್ತು. ಅಷ್ಟು ಬೇಗ ಮುಗಿದುಹೋಗುತ್ತದೆ ಎಂಬುದೇ ಅವರ ತಕರಾರು. ಹೊರಬಂದ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೆಡ್ಡಿನ ಥ್ರೆಡ್ಡಿಗೆ ಬೆರಳಾಡಿಸಿದರು. ಎಲ್ಲವೂ ಸರಿಯಿತ್ತು. ಮುಖ ಸಣ್ಣಗಾಯಿತು. ಆಮೇಲೆ ಕಣ್ಣು ಮಿಂಚಿತು.

“ಇಷ್ಟು ಶಾಖ ತಿಂದ ಮೇಲೆ ಹೆಡ್ಡು ಎಲ್ಲಾದರೂ ಬಿರುಕು ಬಿಟ್ಟಿರತ್ತೆ ಕಣೇ. ಪೂರ್ತಿ ಬಿಚ್ಚಿ ನೋಡಿಬಿಡೋದು ಒಳ್ಳೇದು.”

ಪದ್ಮಮ್ಮನವರು ಲೋಟ ಇಸಿದುಕೊಳ್ಳುತ್ತ ಹುಡುಗನನ್ನು ಕೇಳಿದರು: “ಏನಪ್ಪ, ಆ ಬಾನೆಟ್ಟನ್ನ ಸುತ್ತಲೂ ಬೆಸುಗೆ ಹಾಕಿ ಮುಚ್ಚೋಕೆ ಎಷ್ಟು ತಗೋತೀಯ?”