ಎ-17 ಯಾವ ಪಕ್ಷದವನು?

ಬಳ್ಳಾರಿಯಲ್ಲಿ 2026ನೇ ಇಸವಿ ಒಂದು ಬ್ಯಾನರಿನಿಂದ ಶುರುವಾಯಿತು. ಬ್ಯಾನರು ವಾಲ್ಮೀಕಿ ಪ್ರತಿಮೆಯ ಅನಾವರಣದ್ದು. ಕಟ್ಟಲು ಹೋದವರು ನಗರದ ಕಾಂಗ್ರೆಸ್ ಶಾಸಕ ನಾರಾ ಭರತ್ ರೆಡ್ಡಿಯವರ ಕಡೆಯವರು. ಕಟ್ಟಲು ಆರಿಸಿಕೊಂಡ ಜಾಗ ಗಂಗಾವತಿಯ ಬಿಜೆಪಿ ಶಾಸಕ ಗಾಲಿ ಜನಾರ್ದನ ರೆಡ್ಡಿಯವರ ಮನೆ ಮುಂದಿನದು. ಬಳ್ಳಾರಿಯಲ್ಲಿ ವಿದ್ಯುತ್ ಕಂಬಗಳಿಗೆ ಬರವೇನೂ ಇಲ್ಲ. ಆದರೆ ಬ್ಯಾನರು ಕಟ್ಟುವುದು ಓದಿಸುವುದಕ್ಕಲ್ಲ, ಉರಿಸುವುದಕ್ಕೆ ಎಂಬುದು ಗೊತ್ತಿರುವ ಊರಿದು. ಜನವರಿ 1ರ ರಾತ್ರಿ ಕಲ್ಲು ತೂರಿಬಂದವು, ಗುಂಡು ಹಾರಿತು, ಕಾಂಗ್ರೆಸ್ಸಿನ ಒಬ್ಬ ಯುವ ಕಾರ್ಯಕರ್ತ ಸತ್ತ. ಅಂದೇ ಅಧಿಕಾರ ವಹಿಸಿಕೊಂಡಿದ್ದ ಎಸ್‌ಪಿ ಮರುದಿನ ಅಮಾನತಾದರು. ಇಡೀ ಪ್ರಕರಣದಲ್ಲಿ ಇಷ್ಟು ವೇಗವಾಗಿ ಶಿಕ್ಷೆ ಕಂಡವರು ಅವರೊಬ್ಬರೇ.

ಒಂದು ಕಡೆಯವರು ಇದನ್ನು ಕೊಲೆ ಎಂದರು, ಇನ್ನೊಂದು ಕಡೆಯವರು ತಮ್ಮ ನಾಯಕರ ಕೊಲೆಗೆ ನಡೆದ ಯತ್ನ ಎಂದರು. ದೂರು, ಪ್ರತಿದೂರು ದಾಖಲಾದವು. ಸಿರುಗುಪ್ಪದ ಬಸ್ ನಿಲ್ದಾಣದ ಬದಿಯಲ್ಲಿ, ಕುರುಗೋಡಿನ ಕಟ್ಟೆಗಳ ಮೇಲೆ ವಿಚಾರಣೆಯೂ ಆರಂಭವಾಯಿತು. ಇಲ್ಲಿನ ನ್ಯಾಯಾಲಯಗಳಲ್ಲಿ ಬಾಕಿ ಪ್ರಕರಣಗಳೇ ಇರುವುದಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಖಾಲಿಯಾಗುವಷ್ಟರಲ್ಲಿ ತೀರ್ಪು ಬಂದಿರುತ್ತದೆ. ನಮ್ಮವರು ಎಸೆದದ್ದು ಆತ್ಮರಕ್ಷಣೆಯ ಕಲ್ಲು, ಅವರು ಎಸೆದದ್ದು ಪೂರ್ವನಿಯೋಜಿತ ಕಲ್ಲು. ಎರಡೂ ಒಂದೇ ಗುಡ್ಡದ ಕಲ್ಲಲ್ಲವೇ ಎಂದು ಯಾರಾದರೂ ಕೇಳಿದರೆ ಅವನ ಚಹಾದ ದುಡ್ಡು ಅವನೇ ಕೊಡಬೇಕಾಗುತ್ತದೆ.

ರಂಗನಟ ಬಳ್ಳಾರಿ ರಾಘವರು ಬಾಳಿದ ಊರಿಗೆ ನಾಟಕ ಹೊಸದಲ್ಲ. ಆದರೆ ಅವರ ಕಾಲದಲ್ಲಿ ಪ್ರತಿ ಪಾತ್ರಕ್ಕೂ ಅದರದೇ ಮಾತಿತ್ತು. ಈಗ ಮಾತು ಒಂದೇ, ಪಾತ್ರಧಾರಿಗಳು ರಂಗದ ಎಡಬಲ ಬದಲಿಸಿಕೊಳ್ಳುತ್ತಾರೆ. 2010ರ ಜುಲೈಯಲ್ಲಿ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಅಕ್ರಮ ಗಣಿಗಾರಿಕೆಯ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರ್ ನಡೆದರು. ಬಳ್ಳಾರಿಯಲ್ಲಿ ಕಾನೂನು ಸತ್ತಿದೆ, ಸಿಬಿಐ ಬರಲಿ ಎಂದಿತು ಕಾಂಗ್ರೆಸ್. ನಮ್ಮ ಲೋಕಾಯುಕ್ತ ಸಾಕು, ಹೊರಗಿನವರು ಬಂದು ಊರಿನ ಹೆಸರು ಕೆಡಿಸಬೇಡಿ ಎಂಬ ಧಾಟಿ ಬಿಜೆಪಿಯದು. ಹದಿನೈದು ವರ್ಷ ಕಳೆದಿವೆ. ಈಗ ಬಳ್ಳಾರಿಯಲ್ಲಿ ಕಾನೂನು ಸತ್ತಿದೆ ಎನ್ನುವವರು ಬಿಜೆಪಿಯವರು, ಸಿಬಿಐ ಕೇಳುವವರೂ ಅವರೇ. ರಾಜ್ಯದ ಪೊಲೀಸರ ಮೇಲೆ ಅಪಾರ ಭರವಸೆ ಇಟ್ಟವರು ಕಾಂಗ್ರೆಸ್ಸಿನವರು. ಭಾಷಣ ಬರೆದುಕೊಡುವವರಿಗೆ ಇದರಿಂದ ಎಷ್ಟು ಅನುಕೂಲ ನೋಡಿ, ಹಳೆಯ ಕಾಗದದಲ್ಲಿ ಹೆಸರು ತಿದ್ದಿದರೆ ಮುಗಿಯಿತು.

ಇದೇ ನಾಟಕದ ಇನ್ನೊಂದು ಅಂಕ. 2020ರ ಜನವರಿ 3ರಂದು ಇದೇ ನಗರದಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಪರ ಸಭೆ. ಆಗಿನ ಬಿಜೆಪಿ ಶಾಸಕ ಸೋಮಶೇಖರ ರೆಡ್ಡಿಯವರು ಜನರಿಗೆ ಲೆಕ್ಕ ಕಲಿಸಿದರು: ನಾವು ಶೇಕಡ 80, ನೀವು ಶೇಕಡ 17, ನಾವು ತಿರುಗಿಬಿದ್ದರೆ ಏನಾದೀತು ಯೋಚಿಸಿ ಎಂಬರ್ಥದ ಲೆಕ್ಕ. ಅವರ ಮೇಲೆ ಪ್ರಕರಣ ದಾಖಲಾಯಿತು. ಹತ್ತು ದಿನ ಬಿಟ್ಟು ಅವರ ಮನೆ ಮುಂದೆ ಪ್ರತಿಭಟಿಸಲು ಬಂದ ಕಾಂಗ್ರೆಸ್ ಶಾಸಕ ಜಮೀರ್ ಅಹಮದ್ ಖಾನ್ ಅವರನ್ನು ಪೊಲೀಸರು ವಶಕ್ಕೆ ಪಡೆದರು. ಲೆಕ್ಕ ಹೇಳಿದವರು ಮನೆಯಲ್ಲಿ, ಲೆಕ್ಕ ಕೇಳಲು ಬಂದವರು ಪೊಲೀಸ್ ವಾಹನದಲ್ಲಿ. ಅಂದ ಹಾಗೆ 80 ಮತ್ತು 17 ಕೂಡಿಸಿದರೆ 97 ಆಗುತ್ತದೆ. ಉಳಿದ ಮೂವರು ಆ ದಿನ ವಾಯಿದೆಗೆಂದು ಕೋರ್ಟಿಗೆ ಹೋಗಿರಬೇಕು.

ನಮ್ಮವರು, ಅವರು ಎಂಬ ಈ ಶಾಸ್ತ್ರ ಒಮ್ಮೆ ಮಾತ್ರ ಕೈಕೊಟ್ಟಿತ್ತು. 2019ರ ಜನವರಿಯಲ್ಲಿ ಬಿಡದಿಯ ಈಗಲ್‌ಟನ್ ರೆಸಾರ್ಟಿನಲ್ಲಿ ಕಾಂಗ್ರೆಸ್ ತನ್ನ ಶಾಸಕರನ್ನು ಜೋಪಾನವಾಗಿ ಕೂಡಿಹಾಕಿತ್ತು, ಬಿಜೆಪಿಯವರು ಹೊತ್ತೊಯ್ಯಬಾರದೆಂದು. ಅಲ್ಲಿ ಹೊಸಪೇಟೆಯ ಆನಂದ್ ಸಿಂಗ್ ಗಾಯಗೊಂಡು ಆಸ್ಪತ್ರೆ ಸೇರಿದರು. ಹೊಡೆದ ಆರೋಪ ಕಂಪ್ಲಿಯ ಜೆ.ಎನ್. ಗಣೇಶ್ ಅವರ ಮೇಲೆ ಬಂತು. ಇಬ್ಬರೂ ಒಂದೇ ಪಕ್ಷ, ಒಂದೇ ಜಿಲ್ಲೆ. ಆತ್ಮರಕ್ಷಣೆ ಎನ್ನುವಂತಿಲ್ಲ, ಪೂರ್ವನಿಯೋಜಿತ ಎನ್ನುವಂತಿಲ್ಲ, ಹೊರಗಿನ ಶಕ್ತಿಗಳ ಕೈವಾಡ ಎನ್ನಲು ರೆಸಾರ್ಟಿಗೆ ಹೊರಗಿನವರನ್ನು ಬಿಟ್ಟೇ ಇಲ್ಲ. ಪಕ್ಷದ ನಾಯಕರು ಮೊದಲು ಕೊಟ್ಟ ವಿವರಣೆ: ಎದೆನೋವು. ತಲೆಗೆ, ಕಣ್ಣಿಗೆ ಪೆಟ್ಟು ಬೀಳುವಂಥ ಎದೆನೋವು ವೈದ್ಯಶಾಸ್ತ್ರಕ್ಕೆ ಹೊಸದು. ಆಮೇಲೆ ಕೊಲೆ ಯತ್ನದ ಪ್ರಕರಣ, ಬಂಧನ, ಪಕ್ಷದಿಂದ ಅಮಾನತು ಎಲ್ಲ ಆಯಿತು. ಪೆಟ್ಟು ತಿಂದವರು ಅದೇ ವರ್ಷ ಬಿಜೆಪಿ ಸೇರಿದರು. ಆರೋಪ ಹೊತ್ತವರು 2023ರಲ್ಲಿ ಅದೇ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದರು. ಆನಂದ್ ಸಿಂಗ್ ಅವರಿಗೆ 2020ರ ಫೆಬ್ರುವರಿಯಲ್ಲಿ ಸಿಕ್ಕ ಖಾತೆ ಅರಣ್ಯ. ಅವರ ಮೇಲೆ ಆಗ ಬಾಕಿ ಇದ್ದ ಪ್ರಕರಣಗಳಲ್ಲಿ ಅರಣ್ಯ ಕಾಯ್ದೆಯವೂ ಇದ್ದವು. ಅನುಭವಕ್ಕೆ ಬೆಲೆ ಕೊಡುವ ಸರ್ಕಾರ ಅಪರೂಪ.

ಬೆಲೆ ಅಲ್ಲಿಗೇ ನಿಲ್ಲಲಿಲ್ಲ. 2020ರ ಆಗಸ್ಟ್ 31ರಂದು ಯಡಿಯೂರಪ್ಪ ಸರ್ಕಾರ ಒಂದು ಆದೇಶ ಹೊರಡಿಸಿ 61 ಪ್ರಕರಣಗಳನ್ನು ಹಿಂಪಡೆಯಲು ಹೊರಟಿತು. ಪಟ್ಟಿಯಲ್ಲಿ ಆನಂದ್ ಸಿಂಗ್ ಇದ್ದರು, ಸಿ.ಟಿ. ರವಿ, ಬಿ.ಸಿ. ಪಾಟೀಲ್ ಇದ್ದರು, ಸಾಕ್ಷಾತ್ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿಯವರೂ ಇದ್ದರು. ಪೊಲೀಸ್, ಅಭಿಯೋಜನೆ, ಕಾನೂನು ಇಲಾಖೆಗಳು ಬೇಡವೆಂದಿದ್ದವು. ಬೇಡ ಎನ್ನಲು ಇಲಾಖೆಗಳಿರುವುದು, ಆಗಲಿ ಎನ್ನಲು ಸಂಪುಟ ಉಪಸಮಿತಿಯಿರುವುದು. ಡಿಸೆಂಬರಿನಲ್ಲಿ ಹೈಕೋರ್ಟು ತಡೆಯಿತು. ಕಾಂಗ್ರೆಸ್ ಗುಡುಗಿತು: ಇದೇನು ಪ್ರಜಾಪ್ರಭುತ್ವವೋ ಗೂಂಡಾ ರಾಜ್ಯವೋ?

ಗುಡುಗಿದವರ ಗಂಟಲು ಆರುವ ಮೊದಲೇ ಅವರ ಸರ್ಕಾರ ಬಂತು. 2024ರ ಅಕ್ಟೋಬರಿನಲ್ಲಿ 43 ಪ್ರಕರಣಗಳನ್ನು ಹಿಂಪಡೆಯುವ ಆದೇಶ. ಅದರಲ್ಲಿ 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಕಲ್ಲು ತೂರಿ ಪೊಲೀಸರನ್ನೇ ಗಾಯಗೊಳಿಸಿದ ಗಲಭೆಯೂ ಸೇರಿತ್ತು. ಬಿಜೆಪಿ ಗುಡುಗಿತು: ಇದೇನು ಪ್ರಜಾಪ್ರಭುತ್ವವೋ ಗೂಂಡಾ ರಾಜ್ಯವೋ? 2025ರ ಮೇ 29ರಂದು ಹೈಕೋರ್ಟು ಆ ಆದೇಶವನ್ನೂ ರದ್ದು ಮಾಡಿತು. ವಿರೋಧ ಪಕ್ಷದಲ್ಲಿದ್ದಾಗ ಎರಡೂ ಪಕ್ಷಗಳು ಹೇಳುವುದು ಖರೇ ಮಾತು. ಐದು ವರ್ಷಕ್ಕೊಮ್ಮೆ ಸರ್ಕಾರ ಬದಲಿಸುವ ಮತದಾರರು ಈ ಸತ್ಯವಂತರ ಬಾಯಿಗೆ ಬೀಗ ಹಾಕುತ್ತಿದ್ದಾರೆ, ಅಷ್ಟೇ.

ಪಟ್ಟಿ ಪ್ರಕಟಿಸುವ ಕಲೆಯನ್ನೂ ಗಮನಿಸಬೇಕು. ಮೊದಲ ಸಾಲಿನಲ್ಲಿ ಯಾವಾಗಲೂ ರೈತ ಇರುತ್ತಾನೆ. ‘ರೈತರು, ಕನ್ನಡ ಹೋರಾಟಗಾರರು, ವಿದ್ಯಾರ್ಥಿಗಳು ಮತ್ತಿತರರ ಮೇಲಿನ ಪ್ರಕರಣಗಳು’ ಎಂದು ಸಚಿವರು ಓದುತ್ತಾರೆ. ನಿಜವಾದ ಫಲಾನುಭವಿ ಕೂತಿರುವುದು ‘ಮತ್ತಿತರರು’ ಎಂಬಲ್ಲಿ. ತುಂಗಭದ್ರಾ ಕಾಲುವೆಯ ಕೊನೆಯಂಚಿನ ಸಿರುಗುಪ್ಪದ ರೈತನಿಗೆ ಹೀಗೊಂದು ಗೌರವ ಸಿಗುವುದು ಆಗ ಮಾತ್ರ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದರೆ ಅದಕ್ಕೆ ತಾಂತ್ರಿಕ ಕಾರಣ. ಭತ್ತ ಒಣಗಿತೆಂದು ರೈತ ಟ್ರ್ಯಾಕ್ಟರ್ ಅಡ್ಡ ಹಾಕಿ ರಸ್ತೆಯಲ್ಲಿ ಕೂತರೆ ಅದಕ್ಕೆ ಸೆಕ್ಷನ್.

ನೆರೆಯ ಕೇರಳದವರು ನಮಗಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ 2015ರ ಮಾರ್ಚ್ 13ರಂದು ವಿಧಾನಸಭೆಯ ಒಳಗೇ ಕುರ್ಚಿ, ಮೈಕು, ಕಂಪ್ಯೂಟರ್ ಪುಡಿಯಾದವು. ಪುಡಿ ಮಾಡಿದ ಆರೋಪ ಹೊತ್ತ ಎಡಪಕ್ಷದವರು ಅಧಿಕಾರಕ್ಕೆ ಬಂದ ಮೇಲೆ ಪ್ರಕರಣ ಕೈಬಿಡಲು ಹೋದರು. 2021ರ ಜುಲೈ 28ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆರೋಪಿಗಳಲ್ಲೊಬ್ಬರಾದ ವಿ. ಶಿವನ್‌ಕುಟ್ಟಿ ಆ ಹೊತ್ತಿಗೆ ಶಿಕ್ಷಣ ಸಚಿವರು. ಮಕ್ಕಳು ಬೆಂಚು ಮುರಿದರೆ ಅವರು ಏನು ಹೇಳುತ್ತಿದ್ದರೋ!

ಇಷ್ಟೆಲ್ಲ ನಡೆಯುವಾಗ ಎ-17, ಅಂದರೆ ಹದಿನೇಳನೇ ಆರೋಪಿ, ಎಲ್ಲಿದ್ದಾನೆ? ಆತ ಒಬ್ಬನಲ್ಲ, ಯಾವ ಗಲಾಟೆಯ ಎಫ್‌ಐಆರ್ ತೆಗೆದರೂ ಸಿಗುತ್ತಾನೆ. ಎ-1ಕ್ಕೆ ನಿರೀಕ್ಷಣಾ ಜಾಮೀನು, ಹಿರಿಯ ವಕೀಲರು, ಟೀವಿಯವರ ಮೈಕು. ಎ-17ಕ್ಕೆ ಸಮನ್ಸು. ಜೀನ್ಸ್ ಘಟಕದಲ್ಲಿ ಹೊಲಿಯುವವನೋ, ಅಕ್ಕಿ ಗಿರಣಿಯ ಹಮಾಲನೋ, ವಾಯಿದೆ ಇದ್ದ ದಿನ ಕೂಲಿ ಇಲ್ಲ. ಕೋರ್ಟಿಗೆ ತಪ್ಪಿಸಿದರೆ ವಾರಂಟು. ಪಾಸ್‌ಪೋರ್ಟಿಗೆ ಹೋದರೆ, ನೌಕರಿಗೆ ಅರ್ಜಿ ಹಾಕಿದರೆ ಠಾಣೆಯಿಂದ ವರದಿ. ಅವನ ದೊಡ್ಡ ತೊಂದರೆ ಅದೂ ಅಲ್ಲ. ಬಳ್ಳಾರಿಯಲ್ಲಿ ಯಾರು ನಮ್ಮವರು ಎಂಬುದೇ ನಿಲ್ಲುವುದಿಲ್ಲ. 2023ರ ಚುನಾವಣೆಯಲ್ಲಿ ಜನಾರ್ದನ ರೆಡ್ಡಿಯವರ ಹೊಸ ಪಕ್ಷ ಕೆಆರ್‌ಪಿಪಿಯಿಂದ ಅವರ ಪತ್ನಿ ಅರುಣಾ ಲಕ್ಷ್ಮಿ, ಬಿಜೆಪಿಯಿಂದ ಅವರ ಅಣ್ಣ ಸೋಮಶೇಖರ ರೆಡ್ಡಿ ನಗರದಲ್ಲಿ ಎದುರುಬದುರು ನಿಂತರು; ಗೆದ್ದವರು ಭರತ್ ರೆಡ್ಡಿ. ವರ್ಷ ತುಂಬುವುದರೊಳಗೆ ಕೆಆರ್‌ಪಿಪಿ ಬಿಜೆಪಿಯಲ್ಲಿ ಕರಗಿತು. ಆ ಚುನಾವಣೆಯಲ್ಲಿ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದ ಹುಡುಗರು ಈಗ ಒಂದೇ ವೇದಿಕೆಯ ಕೆಳಗೆ ಒಂದೇ ಜೈಕಾರ ಕೂಗುತ್ತಾರೆ. ನಾಯಕರು ರಾಜಿಯಾಗುವುದಕ್ಕೆ ಒಂದು ಶಾಲು ಸಾಕು. ಕೇಸು ರಾಜಿಯಾಗಲು ಸರ್ಕಾರಿ ಅಭಿಯೋಜಕರ ಅರ್ಜಿ ಬೇಕು, ಅವರು ಸ್ವಂತ ಬುದ್ಧಿಯಿಂದ ಯೋಚಿಸಿದ್ದಾರೆಂದು ನ್ಯಾಯಾಧೀಶರಿಗೆ ಅನಿಸಬೇಕು, ಅದಕ್ಕೂ ಮೊದಲು ಯಾರಾದರೂ ಪಟ್ಟಿಯಲ್ಲಿ ಇವನ ಹೆಸರು ಬರೆಯಬೇಕು.

ಕಡೆಗೊಂದು ದಿನ ಎ-17 ಧೈರ್ಯ ಮಾಡಿ ನಾಯಕರ ಮನೆಗೆ ಹೋದನಂತೆ.

‘ಅಣ್ಣಾ, ನನ್ ಕೇಸು ಯಾವ ಸರ್ಕಾರದಾಗ ತೆಗಿತಾರ?’

‘ತಡಿಯಪಾ ತಮ್ಮಾ, ಮೊದ್ಲು ನಾನು ಯಾವ ಪಕ್ಷದಾಗ ಇರ್ತೀನಿ ಅಂತ ಗೊತ್ತಾಗ್ಲಿ.’