ಮೆಟ್ಟಿಲು ಎಣಿಸುವವರು

"ಸೋಲೇ ಗೆಲುವಿನ ಮೆಟ್ಟಿಲು ಸ್ವಾಮಿ," ಎನ್ನುತ್ತಾರೆ ಸ್ಫೂರ್ತಿ ಭಾಷಣಕಾರರು. ಹಾಗಿದ್ದರೆ ಹೆಚ್ಚು ಸೋತವರೇ ಅಟ್ಟದ ಮೇಲಿರಬೇಕಿತ್ತಲ್ಲ? "ಜರ್ಮನಿ ನೋಡಿ! 2000ರ ಯೂರೋ ಕಪ್ಪಿನಲ್ಲಿ ಮೂರು ಪಂದ್ಯ, ಒಂದೇ ಗೋಲು, ಒಂದೇ ಅಂಕ. 2014ರಲ್ಲಿ ವಿಶ್ವಕಪ್!" ಸರಿಯೇ, ಆದರೆ ನಡುವಿನ 14 ವರ್ಷವನ್ನು ಭಾಷಣ ನುಂಗಿಬಿಡುತ್ತದೆ. ಹಲವು ಪ್ರಮುಖ ಆಟಗಾರರಿಗೆ ವಿಶ್ರಾಂತಿ ಕೊಟ್ಟು ಬಂದ ಪೋರ್ಚುಗಲ್ ಆ ಯೂರೋ ಕಪ್ಪಿನಲ್ಲಿ 3-0 ಬಾರಿಸಿದ ಮೇಲೆ ಜರ್ಮನಿಯ ಫುಟ್‌ಬಾಲ್ ಒಕ್ಕೂಟ ಮೆಟ್ಟಿಲು ಎಣಿಸುತ್ತ ಕೂರಲಿಲ್ಲ. ಅಲ್ಲಿನ ಅಗ್ರ ಲೀಗ್ ಬುಂಡೆಸ್‌ಲಿಗಾದಲ್ಲಿ ಆಡಬೇಕಾದರೆ ಕ್ಲಬ್ಬುಗಳು ಎಳೆಯರ ಅಕಾಡೆಮಿ ನಡೆಸಲೇಬೇಕು ಎಂದು ಲೈಸೆನ್ಸಿಗೇ ಗಂಟು ಹಾಕಲಾಯಿತು. ದೇಶದುದ್ದಕ್ಕೂ ತರಬೇತಿ ಕೇಂದ್ರಗಳು ತೆರೆದವು. 2014ರ ಫೈನಲಿನಲ್ಲಿ ಗೋಲು ಹೊಡೆದ ಮಾರಿಯೊ ಗೋಟ್ಜೆ ಆ ಸೋಲಿನ ಹೊತ್ತಿಗೆ ಎಂಟು ವರ್ಷದ ಪೋರ.

"ಪೆಟ್ಟು ಬೀಳದಿದ್ದರೆ ಅಷ್ಟು ದುಡ್ಡು ಬಿಚ್ಚುತ್ತಿದ್ದರೇ?" ಬಿಚ್ಚುತ್ತಿರಲಿಲ್ಲವೇನೋ, ಒಪ್ಪೋಣ. ಪೆಟ್ಟು ಎಚ್ಚರಿಸುತ್ತದೆ, ಎದ್ದವರು ಏನು ಮಾಡಬೇಕೆಂದು ಹೇಳುವುದಿಲ್ಲ. ಅದೇ ಜರ್ಮನಿ 2018ರಲ್ಲಿ ದಕ್ಷಿಣ ಕೊರಿಯಾಕ್ಕೆ 2-0 ಸೋತು ಗುಂಪಿನ ತಳ ಸೇರಿತು. 2022ರಲ್ಲೂ ಗುಂಪು ದಾಟಲಿಲ್ಲ. ಇನ್ನು 2014ರಲ್ಲಿ ತನ್ನ ನೆಲದಲ್ಲೇ, ಸೆಮಿಫೈನಲಿನಲ್ಲಿ, ಇದೇ ಜರ್ಮನಿಯಿಂದ 7-1ರ ಏಟು ತಿಂದ ಬ್ರೆಜಿಲ್? ಅಂಥ ದೊಡ್ಡ ಮೆಟ್ಟಿಲು ಸಿಕ್ಕರೂ ಮುಂದಿನ ಎರಡು ವಿಶ್ವಕಪ್‌ಗಳಲ್ಲಿ ಕ್ವಾರ್ಟರ್ ಫೈನಲಿಗೇ ಇಳಿಯಿತು.

"ಅವರಿನ್ನೂ ಸಾಕಷ್ಟು ಸೋತಿಲ್ಲ ಬಿಡಿ," ಎಂದು ಭಾಷಣಕಾರರು ಮುಂದಿನ ಸ್ಲೈಡಿಗೆ ಹೋಗುತ್ತಾರೆ.