ಗಾಳಿಗೆ ಬೈಬೇಡಿ ಸ್ವಾಮಿ!

ಬೇಸಿಗೆ ಬಂತು ಅಂದ್ರೆ ನಿಮ್ಮದು ಒಂದೇ ರಾಗ, ‘ಅಯ್ಯೋ, ಏನ್ ಬಿಸಿಲಪ್ಪಾ!’ ಫ್ಯಾನ್ ಹಾಕಿದ್ರೆ ಶೀತ, ಆರಿಸಿದ್ರೆ ಸೆಕೆ, ಕಿಟಕಿ ತೆಗೆದ್ರೆ ಧೂಳು. ಅದಕ್ಕೇ ಲಂಡನ್ನಿನ ಮಗ ಟಿಕೆಟ್ ಕಳಿಸಿದ್ದೇ ತಡ, ಅಪಾರ್ಟ್‌ಮೆಂಟಿಗೆಲ್ಲ ಸಾರಿಬಿಟ್ರಿ, ಅಲ್ವಾ? ‘ಜೂನ್‌ನಲ್ಲಿ ಸ್ಕಾಟ್‌ಲೆಂಡು, ಸ್ಕೈ ದ್ವೀಪ. ಕೂಲ್ ಕೂಲ್!’ (ವಾಚ್‌ಮನ್ನಿಗೂ ಹೇಳಿದ್ರಂತೆ.)

ಹೋಗಿ, ಸಂತೋಷ. ಆದ್ರೆ ಸ್ವಲ್ಪ ಹತ್ರ ಬನ್ನಿ, ಗುಟ್ಟು ಹೇಳ್ತೀನಿ. ಅಲ್ಲಿ ಮಿಜ್ ಅಂತ ಒಂದು ಹುಳ ಇದೆ. ನಮ್ಮ ನೊರಜಿನ ಸೈಜು, ಒಂದೆರಡು ಮಿಲಿಮೀಟರ್ ಅಷ್ಟೇ. ‘ಇಷ್ಟೇನಾ? ನಾವು ತೀರ್ಥಹಳ್ಳಿಯವರು ಕಣ್ರೀ, ಇಂಬಳಕ್ಕೆ ಕಾಲು ಕೊಟ್ಟು ಕಾಫಿ ಕುಡಿದೋರು’ ಅಂತ ಮೀಸೆ ತಿರುವಿದ್ರಿ, ನೋಡ್ದೆ! ಇಂಬಳ ಒಂದೋ ಎರಡೋ ಹತ್ತುತ್ತೆ ಸ್ವಾಮಿ. ಇದು ಬರೋದು ದಿಬ್ಬಣದ ಹಾಗೆ, ಸಾವಿರಗಟ್ಟಲೆ.

ಕಚ್ಚೋದು ಹೆಣ್ಣು ಮಾತ್ರ. (ಯಜಮಾನ್ರೇ, ನಗಬೇಡಿ, ಪಕ್ಕದಲ್ಲಿ ಅವರಿದ್ದಾರೆ.) ಮೊದಲನೇ ಸಲ ಮೊಟ್ಟೆ ಇಡೋಕೆ ಅದಕ್ಕೆ ರಕ್ತ ಬೇಡ, ಎರಡನೇ ಬಾಣಂತನಕ್ಕೆ ಬೇಕೇ ಬೇಕು. ಹುಡುಕೋದು ಹೇಗೆ? ನಿಮ್ಮ ಉಸಿರಿನ ಜಾಡು ಹಿಡಿದು. ನೀವು ಮಾತು ನಿಲ್ಲಿಸಿದ್ರೆ ತಾನೇ ಉಸಿರು ಕಮ್ಮಿಯಾಗೋದು?

ಅಲ್ಲಿ ಜೂನ್‌ನಲ್ಲಿ ರಾತ್ರಿ ಹತ್ತಾದ್ರೂ ಬೆಳಕು. ‘ಎಷ್ಟುದ್ದ ಸಂಜೆ!’ ಅಂತ ಹುಲ್ಲಿನ ಮೇಲೆ ಕೂತು ಪುಳಿಯೋಗರೆ ಡಬ್ಬಿ ಬಿಚ್ತೀರಿ. ಮಿಜ್‌ಗೂ ಮುಸ್ಸಂಜೆಯೇ ಊಟದ ಹೊತ್ತು. 1872ರಲ್ಲಿ ವಿಕ್ಟೋರಿಯಾ ರಾಣಿಯೇ ಪಿಕ್‌ನಿಕ್ ಅರ್ಧಕ್ಕೆ ಬಿಟ್ಟು ಎದ್ದಳು ಅಂತಾರೆ. ನಮ್ಮ ದೇಶದಿಂದ ಬ್ರಿಟಿಷರನ್ನ ಎಬ್ಬಿಸೋಕೆ ನಮಗೆಷ್ಟು ಕಾಲ ಹಿಡೀತು, ಈ ಹುಳ ಊಟದ ಮಧ್ಯದಲ್ಲೇ ಎಬ್ಬಿಸಿಬಿಡ್ತು ನೋಡಿ!

ಅಲ್ಲಿಯವರು ಬಲು ಜಾಣರು. ಟೋಪಿಯಿಂದ ಕುತ್ತಿಗೆವರೆಗೂ ಬಲೆ, ತಿಳಿ ಬಣ್ಣದ ತುಂಬುತೋಳು, ಮೈಗೆ ಏವನ್ ಕಂಪನಿಯ ‘ಸ್ಕಿನ್ ಸೋ ಸಾಫ್ಟ್’. ಮಳೆ ಮುನ್ಸೂಚನೆ ಹಾಗೆ ಮಿಜ್ ಮುನ್ಸೂಚನೆಯೂ ಇದೆ, 1ರಿಂದ 5ರವರೆಗೆ ಅಂಕ ಹಾಕಿ. ಆದ್ರೆ ನೀವು ಬಲೆ ಹಾಕ್ತೀರಾ? ಸೆಲ್ಫಿಯಲ್ಲಿ ಮುಖ ಕಾಣಬೇಕಲ್ಲ! (ಊದಿದ ಮೇಲೆ ಆ ಮುಖ ಯಾರದ್ದು ಅಂತ ಮೊಮ್ಮಗನೇ ಕೇಳ್ತಾನೆ, ಬಿಡಿ.)

ಇದಕ್ಕೆಲ್ಲ ಮೀರಿದ ಮದ್ದು ಒಂದಿದೆ, ಪುಕ್ಕಟೆ. ಗಾಳಿ! ಗಂಟೆಗೆ ಸುಮಾರು 11 ಕಿಲೋಮೀಟರ್ ದಾಟಿ ಬೀಸಿದ್ರೆ ಸಾಕು, ಮಿಜ್‌ಗೆ ಹಾರೋಕಾಗಲ್ಲ. ಚುರುಕು ಬಿಸಿಲೂ ಅದಕ್ಕೆ ಆಗಿಬರಲ್ಲ. ಮೋಡ ಕವಿದು, ತಣ್ಣಗೆ, ಎಲೆ ಅಲ್ಲಾಡದ ಸಂಜೆ ಇದ್ಯಲ್ಲ, ಲಕ್ಷಗಟ್ಟಲೆ ಸುರಿದು ನೀವು ಹುಡುಕ್ಕೊಂಡು ಹೊರಟಿರೋದು ಅದನ್ನೇ ತಾನೇ? ಅದಕ್ಕೂ ಅದೇ ಇಷ್ಟ ಸ್ವಾಮಿ.

ನೋಡ್ತಾ ಇರಿ, ಅಲ್ಲಿ ಕೈಕಾಲು ಪರಚಿಕೊಳ್ತಾ, ‘ದೇವ್ರೇ, ಒಂಚೂರು ಬಿಸಿಲು, ಒಂಚೂರು ಗಾಳಿ ಕೊಡಪ್ಪಾ’ ಅಂತೀರಿ. ವಾಪಸ್ ಬರೋ ಹೊತ್ತಿಗೆ ಇಲ್ಲಿ ಆಷಾಢ. ಬಂದ ಮಾರನೇ ದಿನವೇ ಟೆರೇಸಿನಿಂದ ನಿಮ್ಮ ದನಿ ಕೇಳುತ್ತೆ, ‘ಥೂ, ಏನ್ ದರಿದ್ರ ಗಾಳಿ ರೀ ಇದು, ಒಣಗಿಸಿದ ಪಂಚೆ ಪಕ್ಕದ ಮನೆಗೆ ಹೋಯ್ತು!’

ಅನ್ನಲ್ವಾ? ಬೆಟ್ ಕಟ್ತೀರಾ?